ಕೆಳಗೆ ಎರೆ, ಮೇಲೆ ಬಿಸಿಲು: ನಮ್ಮ ಕಡೆ ಮನೆ ಯಾವುದರಿಂದ ಕಟ್ಟಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯಲ್ಲಿ ಇದ್ದುಕೊಂಡು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಮನೆ ಕಟ್ಟಿಸುವ ಕೆಲಸ ನೋಡಿಕೊಳ್ಳುತ್ತೇನೆ. ದಿನಕ್ಕೆ ಮೂರು ನಾಲ್ಕು ಫೋನ್ ಬರುತ್ತವೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟೆ. ಸಿಮೆಂಟಿನ ರೇಟು, ಇಟ್ಟಂಗಿ ರೇಟು ಇಲ್ಲಿ ಬರೆದಿಲ್ಲ. ಇವತ್ತು ಬರೆದದ್ದು ಮುಂದಿನ ವಾರಕ್ಕೆ ಸುಳ್ಳಾಗುತ್ತದೆ.

ಸರ್, ಒಂದೇ ಮಾತಲ್ಲಿ ಹೇಳಿ. ಇಟ್ಟಂಗಿ ಒಳ್ಳೆಯದೋ, ಬ್ಲಾಕ್ ಒಳ್ಳೆಯದೋ?

ಒಂದೇ ಮಾತಲ್ಲಿ ಹೇಳಲು ಆಗಲ್ಲ. ನಾನು ಮೊದಲು ಕೇಳುವುದು ಬೇರೆ: ನಿಮ್ಮ ಸೈಟು ಎರೆಯೋ (ಕಪ್ಪು ಮಣ್ಣು), ಮಸಾರಿಯೋ (ಕೆಂಪು ಮಣ್ಣು)?

ನಮ್ಮ ಸೀಮೆಯಲ್ಲಿ ಮನೆಗೆ ಇಬ್ಬರು ವೈರಿಗಳು. ಕೆಳಗೆ ಎರೆ ಮಣ್ಣು, ಮೇಲೆ ಬಿಸಿಲು. ನೀರಾವರಿ ಕಡೆ ಇದ್ದರೆ ಮೂರನೆಯವನೂ ಸೇರುತ್ತಾನೆ, ಸವಳು, ಅಂದರೆ ನೆಲಕ್ಕೆ ಹತ್ತಿದ ಉಪ್ಪು. ಗೋಡೆಗೆ ಏನು ಹಾಕಬೇಕು ಅನ್ನುವುದು ಇವರ ಲೆಕ್ಕ ಮುಗಿದ ಮೇಲಿನ ಮಾತು. ಜನ ಮಾತ್ರ ಗೋಡೆಯಿಂದಲೇ ಶುರು ಮಾಡುತ್ತಾರೆ. ಗೋಡೆ ಕಣ್ಣಿಗೆ ಕಾಣುತ್ತದೆ, ಪಾಯ ಕಾಣಲ್ಲ, ಅಲ್ವಾ?

ನಮ್ಮದು ಎರೆ ಹೊಲ ಲೇಔಟ್ ಆದ ಸೈಟು. ಮೂರು ಅಡಿ ಪಾಯ ತೆಗೆದರೆ ಸಾಕು ಅಂತಾನೆ ಗೌಂಡಿ. ಸಾಕಾ?

ಸಾಲಲ್ಲ. ಇದನ್ನು ನನ್ನ ಸ್ವಂತ ಮನೆಯಲ್ಲೇ ಕಲಿತೆ.

ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಸಿಂಧನೂರು ರಸ್ತೆ ಕಡೆ ಮನೆ ಕಟ್ಟಿಸಿದೆ. ಅಪ್ಪಟ ಎರೆ. ಕೈಯಲ್ಲಿ ದುಡ್ಡು ಕಡಿಮೆ ಇತ್ತು, ಮೂರು ಅಡಿಗೇ ನಿಲ್ಲಿಸಿದೆವು. ಅಗೆದ ಎರೆ ಮಣ್ಣನ್ನೇ ಬೇಸ್ಮೆಂಟಿಗೂ, ಅಂದರೆ ನೆಲಹಾಸಿನ ಕೆಳಗಿನ ಕಟ್ಟೆಗೂ ತುಂಬಿದೆವು. ಎರಡನೇ ಬೇಸಿಗೆಗೆ ಅಡುಗೆ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಮೇ ತಿಂಗಳಲ್ಲಿ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ಇಳಿಯುತ್ತಿತ್ತು. ಅವ್ವ ಒಂದನ್ನು ಇಳಿಸಿಯೇ ಬಿಟ್ಟಳು. ಸೆಪ್ಟೆಂಬರ್ ಮಳೆ ಆದ ಮೇಲೆ ನೋಡಿದರೆ ನಾಣ್ಯ ಹಿಡಿದುಕೊಂಡು ಬಿಟ್ಟಿದೆ, ಇಕ್ಕಳ ಹಾಕಿ ಎಳೆದರೂ ಬರಲ್ಲ. ಮುಂದಿನ ಬೇಸಿಗೆಗೆ ಮತ್ತೆ ಸಡಿಲ. ಗಿಲಾವು (ಪ್ಲಾಸ್ಟರ್) ಮಾಡಿದೆ, ಪುಟ್ಟಿ ಹಚ್ಚಿದೆ, ಮೇಲೆ ಕ್ಯಾಲೆಂಡರ್ ತೂಗು ಹಾಕಿದೆ. ಬಿರುಕು ಕ್ಯಾಲೆಂಡರ್ ದಾಟಿ ಹೊರಗೆ ಬಂತು.

ಕಾರಣ ಸರಳ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲಕ್ಕೆ ಹೋಗಿ ನೋಡಿ, ಸೀಳಿನೊಳಗೆ ಮೊಣಕೈವರೆಗೆ ಕೈ ಹೋಗುತ್ತದೆ. ಆ ಮಣ್ಣಿನ ಮೇಲೆ ಕೂತ ಮನೆಯೂ ವರ್ಷಕ್ಕೊಮ್ಮೆ ಏಳುತ್ತದೆ, ಇಳಿಯುತ್ತದೆ. ನಡುಮನೆ ಕೆಳಗಿನ ಮಣ್ಣು ಅಷ್ಟು ಒಣಗಲ್ಲ, ಅಂಚಿನದು ಒಣಗುತ್ತದೆ. ಅಂದರೆ ಎಲ್ಲ ಕಡೆ ಸಮ ಇಳಿಯಲ್ಲ. ಅದಕ್ಕೇ ಗೋಡೆ ಸೀಳುವುದು.

ಏನು ಮಾಡಬೇಕು? ಗರಸು, ಅಂದರೆ ಗಟ್ಟಿ ಜಲ್ಲಿ ಮಣ್ಣು, ಸಿಗುವವರೆಗೆ ಇಳಿಯಿರಿ. ಐದು ಆರು ಅಡಿಗೆ ಗರಸು ಸಿಕ್ಕರೆ ನಿಮ್ಮ ಪುಣ್ಯ. ಕಾಲಂಗಳ ಫೂಟಿಂಗನ್ನು (ಕಂಬದ ಅಗಲ ಪಾದ) ಅದರ ಮೇಲೆ ಕೂರಿಸಿ, ಮೇಲೆ ಪ್ಲಿಂತ್ ಬೀಮಿನಿಂದ (ನೆಲಮಟ್ಟದ ಕಾಂಕ್ರೀಟ್ ತೊಲೆ) ಎಲ್ಲವನ್ನೂ ಒಂದಕ್ಕೊಂದು ಕಟ್ಟಿ. ತುಂಬಾ ಆಳವಾದರೆ ಅಂಡರ್ ರೀಮ್ಡ್ ಪೈಲ್ ಅಂತ ಇದೆ. ನೆಲಕ್ಕೆ ಕೊರೆದ ಕಾಂಕ್ರೀಟ್ ಕಂಬ, ತುದಿ ಹತ್ತಿರ ಗಡ್ಡೆಯ ಹಾಗೆ ಉಬ್ಬಿರುತ್ತದೆ. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಎಷ್ಟೇ ಕುಣಿದರೂ ಗಡ್ಡೆ ಆಳದಲ್ಲಿ ಹಿಡಿದುಕೊಂಡಿರುತ್ತದೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಇದನ್ನು ರೂಪಿಸಿದರು. ಸಾಧಾರಣವಾಗಿ ಮೂರೂವರೆ ಮೀಟರ್ ಆಸುಪಾಸು ಇಳಿಸುತ್ತಾರೆ.

ಬೇಸ್ಮೆಂಟಿಗೆ ಎರೆ ತುಂಬಲೇಬೇಡಿ, ಗರಸು ತರಿಸಿ. ಮನೆ ಸುತ್ತ ಮೂರು ನಾಲ್ಕು ಅಡಿ ಅಗಲ ಬಂಡೆ ಹಾಸಿ ಅಥವಾ ಕಾಂಕ್ರೀಟ್ ಹಾಕಿ, ಹೊರಕ್ಕೆ ಇಳಿಜಾರು ಕೊಡಿ. ಬಚ್ಚಲ ನೀರು ಪಾಯದ ಪಕ್ಕ ಇಂಗಬಾರದು. ಗೋಡೆಗೆ ಅಂಟಿಕೊಂಡು ದೊಡ್ಡ ಗಿಡ ಬೇಡ.

ನಮ್ಮದು ಮಸಾರಿ, ಹತ್ತಿರದಲ್ಲೇ ಗುಡ್ಡ. ನಮಗೂ ಇಷ್ಟೆಲ್ಲ ಬೇಕಾ?

ಬೇಡ. ಕುಷ್ಟಗಿ, ಕೊಪ್ಪಳ, ಸಂಡೂರು ಕಡೆ ಎಷ್ಟೋ ಸೈಟಿನಲ್ಲಿ ಮೂರು ನಾಲ್ಕು ಅಡಿಗೆ ಗಟ್ಟಿ ನೆಲ ಸಿಗುತ್ತದೆ. ಸೈಜುಗಲ್ಲಿನ (ಅಳತೆಗೆ ಒಡೆದ ಕಲ್ಲು) ಪಾಯ ಸಾಕು. ಆದರೂ ಒಂದು ಗುಂಡಿ ತೋಡಿಸಿ ಕಣ್ಣಾರೆ ನೋಡಿ. ಒಂದೇ ಲೇಔಟಿನಲ್ಲಿ ಅರ್ಧ ಎರೆ, ಅರ್ಧ ಮಸಾರಿ ಇರುವುದನ್ನೂ ನೋಡಿದ್ದೇನೆ.

ಆಯ್ತು, ಈಗ ಗೋಡೆಗೆ ಬನ್ನಿ. ಇಟ್ಟಂಗಿ, ಸಿಮೆಂಟ್ ಬ್ಲಾಕ್, ಬೂದಿ ಇಟ್ಟಂಗಿ, ಎಎಸಿ. ಏನು ವ್ಯತ್ಯಾಸ?

ಎಎಸಿ ಅಂದರೆ ಒಳಗೆ ಗಾಳಿ ಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್. ಮೊದಲು ಭಾರ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಒಂದು ಗೋಡೆ ತಗೊಳ್ಳಿ. ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಸುಮಾರು 4 ಟನ್. ಆರು ಇಂಚಿನ ಸಿಮೆಂಟ್ ಬ್ಲಾಕ್ ಗೋಡೆ ಸುಮಾರು 3 ಟನ್. ಅದೇ ಆರು ಇಂಚಿನ ಎಎಸಿ ಗೋಡೆ ಒಂದು ಟನ್ನಿಗಿಂತ ಕಡಿಮೆ. ಎಎಸಿಯ ಸಾಂದ್ರತೆ ಘನ ಮೀಟರಿಗೆ 550ರಿಂದ 650 ಕಿಲೋ. ನೀರಿಗಿಂತ ಹಗುರ. ಎರಡು ಮಹಡಿ ಮೂರು ಮಹಡಿ ಎಬ್ಬಿಸುವವರಿಗೆ ಇದು ದೊಡ್ಡ ಲೆಕ್ಕ. ಕಾಲಂ, ಬೀಮು, ಫೂಟಿಂಗಿನ ರಾಡು ಎಲ್ಲ ಕಡಿಮೆ ಆಗುತ್ತದೆ. ಬರೀ ಒಂದು ಮಹಡಿಗೆ ಅಷ್ಟೇನೂ ಉಳಿಯಲ್ಲ.

ಆಮೇಲೆ ಬಿಸಿಲು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಸಿಮೆಂಟ್ ಬ್ಲಾಕ್ ಗಟ್ಟಿ, ಅಗ್ಗ, ಕೆಲಸ ಬೇಗ. ಆದರೆ ಕಾವು ಬೇಗ ಒಳಗೆ ದಾಟಿಸುತ್ತದೆ. ಪಡುವಣ ಗೋಡೆಗೆ ಆರು ಇಂಚಿನ ಬ್ಲಾಕ್ ಕಟ್ಟಿದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಗೋಡೆಗೆ ಬೆನ್ನು ಆನಿಸಿ ನೋಡಿ, ರೊಟ್ಟಿ ಹಂಚು ಆರಿಸಿದ ಮೇಲೆ ಇರುವಂಥ ಬಿಸಿ. ಇಟ್ಟಂಗಿ ಇದಕ್ಕಿಂತ ವಾಸಿ. ಎಎಸಿ ಎಲ್ಲಕ್ಕಿಂತ ವಾಸಿ, ಅದರ ಹೊಟ್ಟೆ ತುಂಬ ಗಾಳಿ ಗುಳ್ಳೆ.

ಹಾಗಾದರೆ ಎಲ್ಲರೂ ಎಎಸಿ ಹಾಕಬಾರದಾ? ಅಲ್ಲೇ ಇದೆ ತೊಡಕು. ಅದಕ್ಕೆ ಪಳಗಿದ ಕೈ ಬೇಕು. ನಮ್ಮ ಗೌಂಡಿಗಳು ಇಟ್ಟಂಗಿಯ ಹಾಗೆ ಅದನ್ನೂ ತೊಟ್ಟಿಯಲ್ಲಿ ಮುಳುಗಿಸಿ ಇಡುತ್ತಾರೆ. ನನ್ನ ಮೊದಲ ಎಎಸಿ ಕೆಲಸದಲ್ಲಿ ಇದೇ ಆಯಿತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಲೋಡು ಬ್ಲಾಕ್ ನೀರು ಕುಡಿದು ಕೂತಿತ್ತು. ಮೂರು ತಿಂಗಳಿಗೆ ಗೋಡೆ ತುಂಬ ಕೂದಲೆಳೆ ಬಿರುಕು. ಎಎಸಿಗೆ ಮೇಲೆ ನೀರು ಚಿಮುಕಿಸಿದರೆ ಸಾಕು. ಅದರದೇ ಅಂಟು ಬರುತ್ತದೆ, ಅದನ್ನು 3 ಮಿಲಿಮೀಟರ್ ಮಟ್ಟಿಗೆ ಬಳಿಯಬೇಕು. ಬ್ಲಾಕ್ ಮತ್ತು ಕಾಲಂ ಸೇರುವ ಕಡೆ ಜಾಳಿಗೆ ಹೊಡೆದು ಗಿಲಾವು ಮಾಡಬೇಕು. ಬಚ್ಚಲ ಗೋಡೆಗೆ ನಾನು ಈಗಲೂ ಇಟ್ಟಂಗಿಯೇ ಹೇಳುತ್ತೇನೆ. ಗೀಸರ್, ಸಿಂಕು ತೂಗು ಹಾಕುವ ಕಡೆಗೂ ಅಷ್ಟೇ.

ಬೂದಿ ಇಟ್ಟಂಗಿ ನಮ್ಮ ಊರಿನದೇ ಮಾಲು ಅನ್ನಬಹುದು. ಶಕ್ತಿನಗರದ ರಾಯಚೂರು ಥರ್ಮಲ್ 1720 ಮೆಗಾವ್ಯಾಟ್, ಕುಡಿತಿನಿಯ ಬಳ್ಳಾರಿ ಥರ್ಮಲ್ 1700 ಮೆಗಾವ್ಯಾಟ್, ಜೊತೆಗೆ ಯರಮರಸ್. ನಮ್ಮ ದೇಶದ ಕಲ್ಲಿದ್ದಲು 100 ಟನ್ ಸುಟ್ಟರೆ 30ರಿಂದ 40 ಟನ್ ಬೂದಿ ಉಳಿಯುತ್ತದೆ. ಆ ಬೂದಿಗೆ ಕಲ್ಲುಪುಡಿ, ಸುಣ್ಣ ಅಥವಾ ಸಿಮೆಂಟ್, ಜಿಪ್ಸಂ ಸೇರಿಸಿ ಅಚ್ಚು ಒತ್ತುತ್ತಾರೆ. ಸುಡುವುದಿಲ್ಲ. ಹೊಲದ ಮೇಲ್ಮಣ್ಣು ಉಳಿಯುತ್ತದೆ. ಅಳತೆ ಒಂದೇ ಸಮ, ಹಾಗಾಗಿ ಗಾರೆ, ಗಿಲಾವು ಕಡಿಮೆ ಹಿಡಿಯುತ್ತದೆ. ತೊಂದರೆ ಒಂದೇ, ಹಸಿ ಇಟ್ಟಂಗಿ ಮಾರುವವರು. ಎರಡು ಮೂರು ವಾರ ನೀರು ಹೊಡೆದು ಪಕ್ವ ಆಗಬೇಕಾದದ್ದನ್ನು ನಾಲ್ಕು ದಿನಕ್ಕೆ ಲಾರಿಗೆ ಏರಿಸಿದರೆ, ಗೋಡೆಗೆ ಹೋದ ಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಕಾರ್ಖಾನೆಗೆ ನೀವೇ ಹೋಗಿ. ಎಷ್ಟು ದಿನದ್ದು ಅಂತ ಕೇಳಿ. ಸಿಮೆಂಟ್ ಬ್ಲಾಕಿಗೂ ಇದೇ ಮಾತು. ಬ್ಲಾಕ್ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಪುಡಿ ಉದುರಿದರೆ ವಾಪಸ್ ಬನ್ನಿ.

ನನ್ನ ಆಯ್ಕೆ ಕೇಳಿದರೆ, ರಾಯಚೂರು, ಬಳ್ಳಾರಿ ಸುತ್ತ ಒಳ್ಳೆಯ ಬೂದಿ ಇಟ್ಟಂಗಿ. ಗಂಗಾವತಿ, ಸಿರುಗುಪ್ಪ ಕಡೆ ಒಳ್ಳೆಯ ಭಟ್ಟಿ ಸಿಕ್ಕರೆ ಕೆಂಪು ಇಟ್ಟಂಗಿ. ಸಿಮೆಂಟ್ ಬ್ಲಾಕ್ ಕಾಂಪೌಂಡಿಗೆ.

ಕೆಂಪು ಇಟ್ಟಂಗಿ ಚೆನ್ನಾಗಿ ಬೆಂದಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಎರಡು ಇಟ್ಟಂಗಿ ಒಂದಕ್ಕೊಂದು ಬಡಿಯಿರಿ. ಠಣ್ ಅನ್ನಬೇಕು, ದಬ್ ಅನ್ನಬಾರದು. ಎದೆ ಎತ್ತರದಿಂದ ಗಟ್ಟಿ ಮಣ್ಣಿನ ಮೇಲೆ ಬಿಡಿ, ಒಡೆಯಬಾರದು. ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು. ಒಂದನ್ನು ಮುರಿದು ಒಳಗೆ ನೋಡಿ, ನಡುವೆ ಕಪ್ಪು ಇದ್ದರೆ ಒಳಗೆ ಸರಿಯಾಗಿ ಬೆಂದಿಲ್ಲ. ಅಡುಗೆ ಮನೆಯ ತಕ್ಕಡಿ ಇದ್ದರೆ ಇನ್ನೂ ಒಂದು ಪರೀಕ್ಷೆ. ಒಣ ಇಟ್ಟಂಗಿ ತೂಗಿ, 24 ತಾಸು ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕಿಲೋ ಇದ್ದದ್ದು 3 ಕಿಲೋ 600 ಗ್ರಾಂ ದಾಟಬಾರದು.

ಇಷ್ಟು ಕಲ್ಲು ಇರುವ ಊರಲ್ಲಿ ಕಲ್ಲಿನ ಮನೆಯನ್ನೇ ಕಟ್ಟಬಾರದಾ?

ಕಟ್ಟಬಹುದು. ಕಲ್ಲಿನ ಬಾಳಿಕೆ ಬಗ್ಗೆ ನಮಗೆ ಹೊರಗಿನವರು ಹೇಳಬೇಕಾಗಿಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಚಪ್ಪಡಿ ಗೂಡುಗಳಿವೆ, ಮೋರ್ಯರ ಮನೆ ಅಂತ ಜನ ಕರೆಯುತ್ತಾರೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದು. ಸಿಮೆಂಟ್ ಇಲ್ಲ, ಸುಣ್ಣವೂ ಇಲ್ಲ. ಎರಡು ಸಾವಿರ ವರ್ಷ ದಾಟಿದರೂ ನಿಂತಿವೆ. ವಾಸಕ್ಕಲ್ಲ, ಸತ್ತವರಿಗಾಗಿ ಕಟ್ಟಿದ್ದು, ಅದು ಬೇರೆ ಮಾತು. ರಾಯಚೂರು ಕೋಟೆ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ. 1294ರ ಶಾಸನ ಅದರ ಮೇಲೇ ಇದೆ.

ಆದರೆ ಜಾಗದ ಲೆಕ್ಕ ಹಾಕಿ. ಹೊರ ಅಳತೆ 25×35 ಅಡಿಯ ಮನೆಗೆ ಹೊರಗೋಡೆ ಆರು ಇಂಚಾದರೆ ಒಳಗೆ 816 ಚದರ ಅಡಿ. ಅದೇ ಹದಿನೆಂಟು ಇಂಚಿನ ಕಲ್ಲಿನ ಗೋಡೆಯಾದರೆ 704. ಒಂದು ಮಲಗುವ ಕೋಣೆಯನ್ನು ಗೋಡೆಯೇ ತಿಂದುಬಿಟ್ಟಿತು. 30×40 ಸೈಟಿನವರಿಗೆ ಇದು ಆಗುವ ಮಾತಲ್ಲ. ಹೊಲದಲ್ಲಿ, ಹಳ್ಳಿಯಲ್ಲಿ ಜಾಗ ಧಾರಾಳ ಇದ್ದರೆ ಕಟ್ಟಿ. ದಪ್ಪ ಗೋಡೆ ಹಗಲಿನ ಬಿಸಿಲನ್ನು ಬೇಗ ಒಳಗೆ ಬಿಡಲ್ಲ. ಆದರೆ ಕಲ್ಲು ಕೆತ್ತುವ ಒಡ್ಡರು ಈಗ ಬೇಕೆಂದಾಗ ಸಿಗುವುದಿಲ್ಲ, ಕೂಲಿಯೇ ಹೆಚ್ಚಾಗುತ್ತದೆ. ನಾನು ಪಾಯ, ಬೇಸ್ಮೆಂಟು, ಕಾಂಪೌಂಡು ಈ ಮೂರಕ್ಕೆ ಸೈಜುಗಲ್ಲು ಹಾಕಿಸುತ್ತೇನೆ. ಅಲ್ಲಿ ಅದನ್ನು ಮೀರಿಸುವುದು ಬೇರೆ ಇಲ್ಲ.

ಊರಲ್ಲಿ ಅಜ್ಜನ ಕಾಲದ ಮಾಳಿಗೆ ಮನೆ ಇದೆ. ಕೆಡವಿ ಆರ್‌ಸಿಸಿ ಹಾಕಿಸಲಾ?

ಈ ಪ್ರಶ್ನೆ ಬಂದಾಗ ನನಗೆ ಸ್ವಲ್ಪ ಸಂಕಟ ಆಗುತ್ತದೆ. ಮೊದಲು ಆ ಮನೆ ಏನು ಅಂತ ನೋಡಿ.

ಎರಡು ಅಡಿ ದಪ್ಪದ ಮಣ್ಣು ಕಲ್ಲಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಬೇವಿನ ತಪ್ಪಲು, ಅದರ ಮೇಲೆ ಮೊಣಕಾಲುದ್ದ ಮಣ್ಣು. ಕೊನೆಗೆ ಮೇಲ್ಮುದ್ದೆಗೆ ಸವಳು ಮಣ್ಣು. ಬೆಳೆ ಬಾರದ ಆ ಮಣ್ಣನ್ನೇ ಯಾಕೆ ಮಾಳಿಗೆಗೆ ಹಾಕುತ್ತಿದ್ದರು? ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಅದರ ಜೇಡಿ ನುಣ್ಣಗೆ ಬಿಡಿಯಾಗಿ ಹರಡಿ ಸಂದು ಸಂದು ಮುಚ್ಚಿಬಿಡುತ್ತದೆ. ನೀರು ಒಳಗೆ ಇಳಿಯಲು ದಾರಿಯೇ ಇಲ್ಲ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆ ಕೆಡಿಸುವ ಗುಣವೇ ಮಾಳಿಗೆಯ ಮೇಲೆ ಸೋರದಂತೆ ಕಾಯುತ್ತದೆ. ಇದನ್ನು ಕಂಡುಕೊಂಡವರು ಯಾವ ಲ್ಯಾಬಿಗೂ ಹೋಗಿರಲಿಲ್ಲ.

ಮೇ ಮಧ್ಯಾಹ್ನ ಅಂಥ ಮನೆಯಲ್ಲಿ ಫ್ಯಾನ್ ಇಲ್ಲದೆ ನಿದ್ದೆ ಬರುತ್ತದೆ. ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಚೌಕ ನೆಲದ ಮೇಲೆ ಸರಿಯುವುದನ್ನು ನೋಡಿ ನಮ್ಮ ಅಜ್ಜಿ ಹೊತ್ತು ಹೇಳುತ್ತಿದ್ದಳು.

ಆದರೆ ಬರೀ ಹೊಗಳಿದರೆ ಮೋಸ. ವರ್ಷ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಸವಳು ಎಳೆಯಬೇಕು. ಹುಲ್ಲು ಕೀಳಬೇಕು. ಈಗ ಮನೆಯಲ್ಲಿ ಅದಕ್ಕೆ ಆಳು ಯಾರಿದ್ದಾರೆ? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೆನಪಿದೆ ತಾನೇ? ನಮ್ಮ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲು ಸಾಲಾಗಿ ಕುಸಿದವು. ಬಿಡದೆ ಹಿಡಿದ ಮಳೆಗೆ ಗೋಡೆಯ ಬುಡ ನೆನೆದು, ಮೇಲೆ ನೀರುಂಡ ಮಾಳಿಗೆಯ ಭಾರ ಕೂತು, ರಾತ್ರಿ ಮಲಗಿದವರ ಮೇಲೆ ಬಿದ್ದವು.

ನಾನು ಹೇಳುವುದು ಇಷ್ಟು. ಗೋಡೆ ನೆಟ್ಟಗಿದೆಯಾ, ಜಂತಿಗೆ ಗೆದ್ದಲು ಹತ್ತಿಲ್ಲವಾ, ಗೋಡೆಯ ಬುಡ ಒಣಗಿದೆಯಾ ನೋಡಿ. ಮೂರೂ ಸರಿ ಇದ್ದರೆ ಕೆಡವಬೇಡಿ. ಬುಡಕ್ಕೆ ಎರಡು ಮೂರು ಅಡಿ ಕಲ್ಲು ಕಟ್ಟಿಸಿ. ಮಾಳಿಗೆಯ ಮಣ್ಣಿನ ಭಾರ ಇಳಿಸಿ ತೆಳುವಾಗಿ ಹಾಕಿಸಿ. ಮೇಲೆ ಒಂದೂವರೆ ಅಡಿ ಬಿಟ್ಟು ತಗಡಿನ ನೆರಳು ಮಾಡಿ, ಮಳೆ ತಾಗಲ್ಲ, ಕೆಳಗೆ ಗಾಳಿ ಆಡುತ್ತದೆ. ಮೂರರಲ್ಲಿ ಎರಡು ಕೆಟ್ಟಿದ್ದರೆ ಆಸೆ ಬಿಡಿ, ಅಂಥ ಮಾಳಿಗೆ ಕೆಳಗೆ ಮಕ್ಕಳನ್ನು ಮಲಗಿಸಬೇಡಿ.

ಹೊಸದಾಗಿಯೇ ಮಣ್ಣಿನ ಮನೆ ಕಟ್ಟಬೇಕು ಅಂತ ಮಗನ ಹಟ.

ಹಟ ಕೆಟ್ಟದ್ದೇನಲ್ಲ. ಒತ್ತಿದ ಮಣ್ಣಿನ ಬ್ಲಾಕ್ ಅಂತ ಇದೆ, 5ರಿಂದ 8 ಪರ್ಸೆಂಟ್ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವುದು, ಸುಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಮೇಲೆ ದಶಕಗಟ್ಟಲೆ ಕೆಲಸ ನಡೆದಿದೆ. ಮಸಾರಿ ಮಣ್ಣು ಇದಕ್ಕೆ ಹೊಂದುತ್ತದೆ. ಎರೆ ಮಾತ್ರ ಬೇಡವೇ ಬೇಡ, ಬ್ಲಾಕ್ ಒಣಗುವಾಗಲೇ ಸೀಳುತ್ತದೆ. ಚಜ್ಜಾ ಅಗಲ ಇಡಿ, ಬುಡಕ್ಕೆ ಕಲ್ಲು ಕಟ್ಟಿ.

ಸ್ಲ್ಯಾಬ್ ಮನೆಯಲ್ಲಿ ರಾತ್ರಿ ಮಲಗಲು ಆಗಲ್ಲ. ಏನು ಮಾಡಲಿ?

ಮನೆಗೆ ಬರುವ ಕಾವಿನ ದೊಡ್ಡ ಪಾಲು ಮೇಲಿನಿಂದ. ಗೋಡೆಗೆ ದುಬಾರಿ ಬ್ಲಾಕ್ ಹಾಕಿ ಸ್ಲ್ಯಾಬನ್ನು ಬರಿಮೈಯಲ್ಲಿ ಬಿಟ್ಟರೆ ಏನು ಬಂತು? ಐದು ಇಂಚಿನ ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಕಾರುತ್ತದೆ.

ಎಲ್ಲಕ್ಕಿಂತ ಅಗ್ಗದ ಉಪಾಯ ಬಿಳಿ ಬಣ್ಣ. ಸುಣ್ಣವಾದರೂ ಆಯಿತು, ಮಾರ್ಚ್‌ನಲ್ಲಿ ಎರಡು ಕೋಟು ಬಳಿಯಿರಿ. ಒಡೆದ ಬಿಳಿ ಟೈಲ್ಸ್ ಚೂರು ಹಾಸಿದರೆ ಇನ್ನೂ ಚೆನ್ನ, ಬಾಳಿಕೆಯೂ ಬರುತ್ತದೆ. ಹಳೆಯ ಪದ್ಧತಿ ಅಂದರೆ ಇಟ್ಟಂಗಿ ಚೂರು ಮತ್ತು ಸುಣ್ಣದ ಗಾರೆ ಮೂರು ನಾಲ್ಕು ಇಂಚು ಬಡಿದು ಕೂರಿಸುವುದು. ಇದು ಕಾವನ್ನೂ ತಡೆಯುತ್ತದೆ, ಸೋರುವುದನ್ನೂ ತಡೆಯುತ್ತದೆ.

ಸುಣ್ಣ ಅಂದರೆ ಮೂಗು ಮುರಿಯುವವರಿಗೆ ನಾನು ತುಂಗಭದ್ರಾ ಡ್ಯಾಂ ತೋರಿಸುತ್ತೇನೆ. 1945ರಲ್ಲಿ ಶುರುವಾಗಿ 1953ಕ್ಕೆ ನೀರು ನಿಂತ ಆ ಕಲ್ಲುಗೋಡೆಗೆ ಸುರ್ಕಿ ಗಾರೆ ಬಳಸಿದ್ದಾರೆ. ಸುರ್ಕಿ ಅಂದರೆ ಇಟ್ಟಂಗಿ ಪುಡಿ, ಅದಕ್ಕೆ ಸುಣ್ಣ. 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದದ್ದು 19ನೇ ಗೇಟು, ಕಬ್ಬಿಣದ್ದು. ಕಲ್ಲುಗೋಡೆ ಜಾಗ ಬಿಟ್ಟು ಅಲುಗಲಿಲ್ಲ.

ಯಾವ ಸಿಮೆಂಟ್ ತರಲಿ?

ಕಂಪನಿ ಹೆಸರಿಗಿಂತ ಚೀಲದ ಮೇಲಿನ ತಾರೀಖು ನೋಡಿ. ಮೂರು ತಿಂಗಳು ದಾಟಿದ್ದು ಬೇಡ. ಮನೆ ಕೆಲಸಕ್ಕೆ ಪಿಪಿಸಿ (ಬೂದಿ ಬೆರೆಸಿದ ಸಿಮೆಂಟ್) ಅಥವಾ ಸ್ಲ್ಯಾಗ್ ಸಿಮೆಂಟ್ (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ಸಾಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇರುವುದರಿಂದ ಸ್ಲ್ಯಾಗ್ ಸಿಮೆಂಟ್ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಸವಳು ನೆಲಕ್ಕೆ ಅದೇ ಒಳ್ಳೆಯದು, ಉಪ್ಪನ್ನು ಹೆಚ್ಚು ತಡೆದುಕೊಳ್ಳುತ್ತದೆ. ಒಂದೇ ಎಚ್ಚರ: ಇವೆರಡೂ ನಿಧಾನಕ್ಕೆ ಗಟ್ಟಿಯಾಗುತ್ತವೆ. ಸೆಂಟ್ರಿಂಗ್‌ನವನು ಅಚ್ಚಿನ ಪ್ಲೇಟು ಬೇರೆ ಕಡೆ ಬೇಕು ಅಂತ ಅವಸರ ಮಾಡುತ್ತಾನೆ, ಕೊಡಬೇಡಿ.

ನೀರು ಹೊಡೆಯುವುದೂ ಜಾಸ್ತಿ ದಿನ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ನಮ್ಮಂಥ ಒಣ ಬಿಸಿಲಿಗೆ 10 ದಿನ. ಪಿಪಿಸಿ, ಸ್ಲ್ಯಾಗ್ ಆದರೆ 14 ದಿನಕ್ಕೆ ಏರಿಸಿ ಅನ್ನುತ್ತದೆ. ಸ್ಲ್ಯಾಬ್ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ. ಕಾಲಂಗೆ ಗೋಣಿಚೀಲ ಸುತ್ತಿ. ಬೆಳಿಗ್ಗೆ ಒಮ್ಮೆ ಪೈಪ್ ಹಿಡಿದು ಹೋದರೆ ಹನ್ನೊಂದಕ್ಕೇ ಒಣಗಿರುತ್ತದೆ.

ಹೊಳೆ ಉಸುಕೋ, ಎಂ ಸ್ಯಾಂಡೋ?

ಕಾಂಕ್ರೀಟಿಗೆ ಒಳ್ಳೆಯ ಎಂ ಸ್ಯಾಂಡ್ ಹಾಕಿ, ಹೆದರಬೇಡಿ. ಗ್ರಾನೈಟ್ ಒಡೆದು ತೊಳೆದದ್ದಾಗಿರಬೇಕು. ಕ್ರಷರ್ ಪುಡಿಯನ್ನೇ ಎಂ ಸ್ಯಾಂಡ್ ಅಂತ ಕೊಡುತ್ತಾರೆ, ಅಂಗೈಯಲ್ಲಿ ಹಿಸುಕಿದರೆ ಹಿಟ್ಟಿನ ಹಾಗೆ ಅಂಟುತ್ತದೆ. ಗಿಲಾವಿಗೆ ತುಂಗಭದ್ರೆಯ ಉಸುಕು ಇನ್ನೂ ಗೌಂಡಿಗಳ ಅಚ್ಚುಮೆಚ್ಚು. ಪರ್ಮಿಟ್ ಇರುವ ಲಾರಿಯದೇ ತಗೊಳ್ಳಿ. ರಾತ್ರಿ ಬಂದು ಸುರಿದು ಹೋದ ಉಸುಕಿನಲ್ಲಿ ಅರ್ಧ ಮಣ್ಣು. ಗಾಜಿನ ಲೋಟದಲ್ಲಿ ಅರ್ಧ ಉಸುಕು, ಉಪ್ಪು ನೀರು ಹಾಕಿ ಕಲಕಿ ಮೂರು ತಾಸು ಬಿಡಿ. ಮೇಲೆ ಮಣ್ಣಿನ ಪದರ ಕೂರುತ್ತದೆ. ಉಸುಕಿನ ಎತ್ತರದ ನೂರಕ್ಕೆ ಎಂಟು ಪಾಲಿಗಿಂತ ಜಾಸ್ತಿ ಇದ್ದರೆ ವಾಪಸ್ ಕಳಿಸಿ.

ಬೋರ್ ನೀರು ಉಪ್ಪು. ಅದರಲ್ಲೇ ಕಲಸಬಹುದಾ?

ರಾಡು ಇರುವ ಕಾಂಕ್ರೀಟಿಗೆ ಬೇಡ. ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ದಾಟಿದರೆ ಒಳಗಿನ ರಾಡು ತುಕ್ಕು ಹಿಡಿದು ಉಬ್ಬಿ, ಹತ್ತು ಹದಿನೈದು ವರ್ಷಕ್ಕೆ ಸ್ಲ್ಯಾಬಿನ ಕೆಳಗಿನ ಗಿಲಾವು ಹಪ್ಪಳದ ಹಾಗೆ ಉದುರುತ್ತದೆ. ಕುಡಿಯಲು ಯೋಗ್ಯವಾದ ನೀರು ಕಲಸಲೂ ಯೋಗ್ಯ ಅಂತ ಇಟ್ಟುಕೊಳ್ಳಿ. ಟ್ಯಾಂಕರ್ ತರಿಸಿ. ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡುವ ಖರ್ಚು ಒಂದೆರಡು ಚೀಲ ಸಿಮೆಂಟಿನಷ್ಟೂ ಆಗಲ್ಲ.

ರಾಡಿನಲ್ಲಿ ಮೋಸ ಹೇಗೆ ಹಿಡಿಯುವುದು?

ತೂಗಿ. ರಾಡಿನ ದಪ್ಪವನ್ನು ಮಿಲಿಮೀಟರ್‌ನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ, ಒಂದು ಮೀಟರಿನ ತೂಕ ಬರುತ್ತದೆ. 12 ಎಂಎಂ ಆದರೆ 144 ಭಾಗಿಸು 162, ಅಂದರೆ 0.89 ಕಿಲೋ. 12 ಮೀಟರಿನ ಒಂದು ರಾಡು 10 ಕಿಲೋ 660 ಗ್ರಾಂ ಹತ್ತಿರ ಇರಬೇಕು. ಸ್ವಲ್ಪ ಆಚೆ ಈಚೆ ನಡೆಯುತ್ತದೆ. ಒಂಬತ್ತೂವರೆ ಬಂದರೆ ಅದು 12 ಎಂಎಂ ಅಲ್ಲ. ಐಎಸ್‌ಐ ಗುರುತು, ಎಫ್‌ಇ 500ಡಿ ಅನ್ನುವ ಉಕ್ಕಿನ ದರ್ಜೆ ರಾಡಿನ ಮೈಮೇಲೇ ಇರಬೇಕು, ಬಿಲ್ಲಿನಲ್ಲಲ್ಲ.

ಗೋಡೆಯ ಬುಡದಲ್ಲಿ ಬಿಳಿ ಪುಡಿ ಬರುತ್ತಿದೆ. ಬಣ್ಣ ನಿಲ್ಲುತ್ತಿಲ್ಲ.

ಸವಳು ಹತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಗದ್ದೆಗೆ ವರ್ಷಗಟ್ಟಲೆ ನೀರು ನಿಂತು ಎಷ್ಟೋ ಕಡೆ ನೆಲದೊಳಗಿನ ನೀರು ಮೇಲೆ ಬಂದಿದೆ. ಅದು ಉಪ್ಪನ್ನೂ ಹೊತ್ತುಕೊಂಡು ಗೋಡೆ ಏರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹೊಸ ಮನೆಯಾದರೆ ಪ್ಲಿಂತ್ ಮೇಲೆ ತೇವ ತಡೆಯುವ ಪದರ ಬಿಡದೆ ಹಾಕಿಸಿ, ಪ್ಲಿಂತ್ ಎತ್ತರ ಇಡಿ. ಹಳೆಯ ಮನೆಗೆ ಮೇಲೆ ಟೈಲ್ಸ್ ಅಂಟಿಸಿ ಮುಚ್ಚಬೇಡಿ. ಅದು ಟೈಲ್ಸ್ ದಾಟಿ ಇನ್ನೂ ಮೇಲೆ ಏರುತ್ತದೆ, ನೋಡಿದ್ದೇನೆ. ಸಿಮೆಂಟ್ ಗಿಲಾವು ಕೆತ್ತಿ ತೆಗೆದು ಸುಣ್ಣದ ಗಿಲಾವು ಮಾಡಿಸಿ, ಗೋಡೆ ಉಸಿರಾಡಲಿ.

ನೆಲಕ್ಕೆ ಟೈಲ್ಸೋ, ಪರಸಿಯೋ, ಗ್ರಾನೈಟೋ?

ನಾನು ಪರಸಿ (ಹಾಸುಬಂಡೆ) ಪಕ್ಷ. ಶಹಾಬಾದ್ ಪರಸಿಯಾಗಲಿ, ಕಡಪ ಬಂಡೆಯಾಗಲಿ, ಬೇತಂಚೆರ್ಲ ಬಂಡೆಯಾಗಲಿ, ಬೇಸಿಗೆಯಲ್ಲಿ ಬರಿಗಾಲಿಗೆ ತಂಪು. ಸೆಗಣಿ ಸಾರಿಸಿದರೂ ಒಪ್ಪುತ್ತದೆ, ಪಾಲಿಶ್ ಹೊಡೆಸಿದರೂ ಒಪ್ಪುತ್ತದೆ. ಆದರೆ ಇವೆಲ್ಲ ಸುಣ್ಣದ ಕಲ್ಲು. ಹುಳಿ ಆಗಲ್ಲ. ಹುಣಸೆ ರಸ, ನಿಂಬೆ ಬಿದ್ದರೆ ಹೊಳಪು ಹೋಗಿ ಕಲೆ ಕೂರುತ್ತದೆ. ಆಸಿಡ್ ಹಾಕಿ ತೊಳೆದರೆ ಮುಗಿಯಿತು. ಅಡುಗೆ ಕಟ್ಟೆಗೆ ಮಾತ್ರ ಗ್ರಾನೈಟ್ ಹಾಕಿ. ಇಳಕಲ್, ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ದೇಶದಾಚೆ ಹೋಗುತ್ತದೆ, ನಮ್ಮ ಅಡುಗೆ ಮನೆಗೆ ಬರಬಾರದಾ? ಕಟಿಂಗ್‌ನಲ್ಲಿ ಉಳಿದ ತುಂಡುಗಳನ್ನು ಕೇಳಿ ನೋಡಿ, ಮೆಟ್ಟಿಲಿಗೆ, ಕಿಟಕಿ ತಳಕ್ಕೆ ಆಗುತ್ತವೆ. ಎರೆ ನೆಲದ ಮೇಲೆ ಕೆಳಗೆ ಸರಿಯಾಗಿ ತುಂಬಿಸದೆ ದೊಡ್ಡ ಟೈಲ್ಸ್ ಹಾಕಿದರೆ ಒಂದು ದಿನ ನಡುರಾತ್ರಿ ಟಪ್ ಅಂತ ಎದ್ದು ನಿಲ್ಲುತ್ತವೆ.

ಗೋದಾಮು, ದನದ ಮನೆಗೆ?

ಗೋದಾಮಿಗೆ ಕಬ್ಬಿಣದ ಕಂಬ, ಬಣ್ಣದ ತಗಡು, ಕೆಳಗೆ ನಾಲ್ಕೈದು ಅಡಿ ಬ್ಲಾಕ್ ಗೋಡೆ. ನೆಲ ಲಾರಿ ಎತ್ತರಕ್ಕೆ ಇರಲಿ, ಭತ್ತದ ಚೀಲ ಇಳಿಸುವವರು ಹರಸುತ್ತಾರೆ. ತಗಡನ್ನು ಹುಕ್ಕಿನಿಂದ ಸರಿಯಾಗಿ ಬಿಗಿಸಿ, ಏಪ್ರಿಲ್ ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಬಿದ್ದದ್ದು ಎಷ್ಟೋ. ದನದ ಮನೆಗೆ ಬರೀ ತಗಡು ಹಾಕಬೇಡಿ, ಎಮ್ಮೆ ಹಾಲು ಇಳಿಸುತ್ತದೆ. ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸಿ. ಅದರ ನೆಲಕ್ಕೆ ನುಣ್ಣನೆ ಕಾಂಕ್ರೀಟೂ ಬೇಡ, ಒರಟು ಬಂಡೆ ಹಾಸಿ.

ದುಡ್ಡು ಸಾಲುತ್ತಿಲ್ಲ. ಎಲ್ಲಿ ಕಡಿಮೆ ಮಾಡಲಿ?

ಪಿಒಪಿ ಸೀಲಿಂಗ್ ಬಿಡಿ. ಮುಂದಿನ ಗೋಡೆಗೆ ಅಂಟಿಸುವ ಅಲಂಕಾರದ ಕಲ್ಲು ಬಿಡಿ. ತೇಗದ ಬಾಗಿಲು ಮುಂದಿನ ಒಂದಕ್ಕೆ ಸಾಕು, ಉಳಿದದ್ದಕ್ಕೆ ಚೆನ್ನಾಗಿ ಒಣಗಿದ ಬೇವು ನಡೆಯುತ್ತದೆ, ಗೆದ್ದಲೂ ಬೇಗ ಮುಟ್ಟಲ್ಲ. ಪಾಯ, ರಾಡು, ನೀರು ಹೊಡೆಯುವುದು ಇವುಗಳಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಮಹಡಿ ಆಮೇಲೂ ಏರಿಸಬಹುದು, ಪಾಯ ಆಮೇಲೆ ಇಳಿಸಲು ಆಗಲ್ಲ.

ಹಳೆಯ ಮನೆ ಕೆಡವಿದ ಸಾಮಾನು ಏನು ಮಾಡಲಿ?

ಗುತ್ತಿಗೆದಾರನಿಗೆ ಸುಮ್ನೆ ಕೊಟ್ಟುಬಿಡಬೇಡಿ. ಅವನು ಕೆಡವಲು ದುಡ್ಡು ತಗೊಂಡು, ಸಾಮಾನನ್ನೂ ಮಾರಿಕೊಳ್ಳುತ್ತಾನೆ. ತೇಗದ ತೊಲೆ ಸೀಳಿಸಿದರೆ ಬಾಗಿಲ ಚೌಕಟ್ಟು ಆಗುತ್ತದೆ. ನೂರು ವರ್ಷ ಒಣಗಿದ ಕಟ್ಟಿಗೆ ಅಂಗಡಿಯಲ್ಲಿ ಎಲ್ಲಿ ಸಿಗುತ್ತದೆ? ಗೋಡೆಯ ಕಲ್ಲು ಹೊಸ ಪಾಯಕ್ಕೆ ಹೋಗುತ್ತದೆ. ಗೋಡೆಯ ಹಾಳುಮಣ್ಣನ್ನು ಹೊಲಕ್ಕೆ ಒಯ್ಯಲು ಊರವರೇ ಟ್ರ್ಯಾಕ್ಟರ್ ತರುತ್ತಾರೆ. ಮಾಳಿಗೆಯ ಸವಳು ಮಣ್ಣನ್ನು ಮಾತ್ರ ಬೇರೆ ಮಾಡಿ, ಅದು ಹೊಲಕ್ಕೆ ಹೋಗಬಾರದು.

ನಮ್ಮ ಹಳ್ಳಿ ಮನೆ ಕೆಡವಿದಾಗ ತಲಬಾಗಿಲ ಹೊಸ್ತಿಲನ್ನು ನಾನು ಇಟ್ಟುಕೊಂಡೆ. ನಡುವೆ ತುಳಿದು ತುಳಿದು ಎರಡು ಬೆರಳಿನಷ್ಟು ಸವೆದಿದೆ. ಬಿರುಕು ಬಿಟ್ಟ ಆ ಅಡುಗೆ ಮನೆಯನ್ನು ಕೊನೆಗೆ ಬುಡದಿಂದ ತೆಗೆಸಿ, ಆರೂವರೆ ಅಡಿಗೆ ಗರಸು ಮುಟ್ಟಿ ಮತ್ತೆ ಕಟ್ಟಿಸಿದೆ. ಹೊಸ್ತಿಲನ್ನು ಅಲ್ಲಿಯೇ ಕೂರಿಸಿದ್ದೇನೆ. ಆ ಒಂದು ರೂಪಾಯಿ ಗೋಡೆ ಒಡೆದಾಗ ಸಿಕ್ಕಿತು. ಅವ್ವ ತೊಳೆದು ದೇವರ ಮುಂದೆ ಇಟ್ಟಿದ್ದಾಳೆ.